ಹಳೇಕೋಟೆಯಲ್ಲಿ ಹುಡುಗಿಯರಿಲ್ಲ

ಹೊಳೆನರಸೀಪುರ
೧೪ ಜೂನ್ ೧೯೩೮

ಚಿ. ಈಶ್ವರಯ್ಯನಿಗೆ ಭಾವನ ಆಶೀರ್ವಾದಗಳು.

ನಾವು ಕ್ಷೇಮ. ನೀನೂ ಕ್ಷೇಮವೆಂದು ನಿನ್ನ ಹ್ಯಾಟು ಕಂಡವರೆಲ್ಲ ಹೇಳಿದರು.

ಮೊನ್ನೆ ಹಳೇಕೋಟೆಗೆ ಬಂದಿದ್ದೆಯಂತೆ. ದಾರಿಯಲ್ಲೇ ಹೊಳೆನರಸೀಪುರ, ಊರೊಳಗೇ ನಮ್ಮ ಮನೆ, ಮನೆಯೊಳಗೆ ನಿನ್ನ ದೊಡ್ಡಕ್ಕ ಗಂಗಾಂಬಿಕೆ. ಅವಳು ರೊಟ್ಟಿ ತಟ್ಟಿಟ್ಟುಕೊಂಡು ಸಂಜೆಯವರೆಗೆ ಬೀದಿ ನೋಡಿದಳು. ಸಮಿತಿಯ ಕಾರ್ಯದರ್ಶಿ ಭಾವನ ಮನೆಯ ರೊಟ್ಟಿ ತಿಂದರೆ ನಿಷ್ಪಕ್ಷಪಾತಕ್ಕೆ ಎಣ್ಣೆ ಹತ್ತುತ್ತದೆಂದು ನಾನೇ ಸಮಾಧಾನ ಹೇಳಿದೆ. ರೊಟ್ಟಿಯನ್ನೂ ನಾನೇ ತಿಂದೆ.

ಎರಡನೆಯ ಅಕ್ಕನ ವಿಚಾರಕ್ಕೆ ಮಾತ್ರ ನನ್ನಲ್ಲಿ ಸಮಾಧಾನವಿಲ್ಲ. ಹಳೇಕೋಟೆಯ ಹೆಣ್ಣುಮಕ್ಕಳ ಸ್ಕೂಲಿಗೆ ಬಸವಲಿಂಗಮ್ಮ ಒಬ್ಬಳೇ ಉಪಾಧ್ಯಾಯಿನಿ. ನೀನು ಕೂತಿದ್ದ ಪಟೇಲ ದೊಡ್ಡಯ್ಯನ ಜಗಲಿಗೆ ಅವಳ ಮಕ್ಕಳು ಮಗ್ಗಿ ಹೇಳುವುದು ಕೇಳಿಸುತ್ತದೆ. ಆ ಗಲಾಟೆಯಲ್ಲಿ ಬರೆಯಲಾಗುವುದಿಲ್ಲ, ನಿಲ್ಲಿಸಿ ಎಂದು ಹೇಳಿಕಳಿಸಿದೆಯಂತೆ. ಗಲಾಟೆ ಮಾಡಿಸುತ್ತಿದ್ದವಳು ಯಾರೆಂದು ಗೊತ್ತಿದ್ದೂ ಎದ್ದು ಹೋಗಿ ನೋಡಲಿಲ್ಲವಂತೆ.

ನಿನ್ನ ಸಮಿತಿಯ ಹೆಸರು ಗ್ರಾಮಜೀವನ ವಿಚಾರಣಾ ಸಮಿತಿ. ಜನ ಏನು ಕೆಲಸ ಮಾಡುತ್ತಾರೆ, ಮಕ್ಕಳು ಓದುತ್ತವೆಯೆ, ಸಂಸಾರ ಹೇಗೆ, ಊರಿನ ಒಗ್ಗಟ್ಟು ಹೇಗೆ ಎಂದು ಕೇಳಿ ತಿಳಿಯುವುದು ಅದರ ಉದ್ದೇಶ. ದೊಡ್ಡಯ್ಯ ಮೊನ್ನೆ ಸಂತೆಯಲ್ಲಿ ಸಿಕ್ಕಿ, “ನಿಮ್ಮ ಬಾಮೈದ ಬಾಳ ಓದಿರೋರು ಬುಡಿ ಸಾ. ನಾವ್ ಬಾಯ್ ಬುಡೋಕೆ ಮುಂಚೇನೇ ಬರ್ಕತಿದ್ರು” ಎಂದ. ಹೊಗಳಿದನೋ ತೆಗಳಿದನೋ ನೀನೇ ಸಮೀಕ್ಷೆ ಮಾಡು. ನನಗಂತೂ ಎರಡು ಸಾಲು ಹೊಳೆಯಿತು:

ಊರಿಗೆ ಬಂದ, ನೀರನು ಕುಡಿದ,
ಕಾರನು ಏರಿ ವರದಿಯ ಬರೆದ.

ಇಂತಿ,
ಪಂಚಾಕ್ಷರಯ್ಯ

*

ಹಾಸನ
೨ ಜುಲೈ ೧೯೩೮

ತೀರ್ಥರೂಪ ಸಮಾನರಾದ ಭಾವನವರಿಗೆ ನಮಸ್ಕಾರಗಳು.

ತಮ್ಮ ಪತ್ರವೂ ಪ್ರಾಸವೂ ತಲುಪಿದವು. ಮೈಸೂರಿನಲ್ಲಿ ಬಿ.ಎ. ಮಾಡಿಯೂ ತಾವು ಮಿಡ್ಲ್ ಸ್ಕೂಲಿನ ಹೆಡ್ಮಾಸ್ಟರಾಗಿಯೇ ಏಕೆ ಉಳಿದಿರಿ ಎಂಬುದಕ್ಕೆ ಎರಡೂ ಸಾಕ್ಷಿ.

ಅಕ್ಕನ ಸ್ಕೂಲಿಗೆ ನಾನು ಕಾಲಿಡದೆ ಇದ್ದದ್ದು ಬುದ್ಧಿಪೂರ್ವಕವಾಗಿ. ತಮ್ಮನೇ ಹೋಗಿ ನೋಡಿ ಚೆನ್ನಾಗಿದೆ ಎಂದು ಬರೆದರೆ ನಾಳೆ ಯಾರು ನಂಬುತ್ತಾರೆ? ಆದ್ದರಿಂದ ಜನರನ್ನೇ ಕೇಳಿದೆ. ಮನೆಯ ಯಜಮಾನ ಏನು ಹೇಳುತ್ತಾನೋ ಅದೇ ಪ್ರಮಾಣ ಎಂಬುದು ನಮ್ಮ ವಿಧಾನ. ಅರಕಲಗೂಡು, ಚನ್ನರಾಯಪಟ್ಟಣ, ಎಲ್ಲ ತಾಲ್ಲೂಕುಗಳಲ್ಲೂ ಹೀಗೇ ನಡೆದಿದೆ.

ಹಳೇಕೋಟೆಯ ಫಲಿತಾಂಶವನ್ನು ತಾವು ಹೇಗೂ ಕೇಳಿಯೇ ಕೇಳುತ್ತೀರಿ. ಸ್ಕೂಲಿಗೆ ಹೋಗುವ ವಯಸ್ಸಿನ ಹೆಣ್ಣುಮಕ್ಕಳು ಆ ಊರಿನಲ್ಲಿ ಇಲ್ಲವೆಂಬಷ್ಟು ಕಡಮೆ. ಮನೆ ಮನೆಯಲ್ಲೂ ‘ನಮ್ಮಲ್ಲಿ ಹೆಣ್ಣಿಲ್ಲ’ ಎಂದರು. ಕೂಸುಗಳು ಮೂರೋ ನಾಲ್ಕೋ ಇವೆ. ಅಷ್ಟಕ್ಕೆ ಸರ್ಕಾರ ಒಂದು ಸ್ಕೂಲನ್ನು ಸಾಕಲಾಗದು. ಮುಚ್ಚಬಹುದೆಂದು ಶಿಫಾರಸು ಬರೆದಿದ್ದೇನೆ. ಸಂತೋಷದಿಂದ ಬರೆದೆನೆಂದು ತಾವು ತಿಳಿಯಬಾರದು.

ಅಕ್ಕನಿಗೆ ಇದರಿಂದ ನಷ್ಟವಿಲ್ಲ. ನಮ್ಮ ಮನೆಯಾಕೆ ಕಮಲಾಕ್ಷಿ ಬಸುರಿ, ಅಡುಗೆಯವಳು ಬಿಟ್ಟು ಹೋಗಿದ್ದಾಳೆ. ಅಕ್ಕ ಇಲ್ಲಿಗೇ ಬಂದುಬಿಡಲಿ. ಒಂಟಿ ಹೆಂಗಸು ಹಳ್ಳಿಯಲ್ಲಿ ಸೀಮೆಸುಣ್ಣದ ಪುಡಿ ನುಂಗಿಕೊಂಡು ಇರುವುದಕ್ಕಿಂತ ತಮ್ಮನ ಮನೆಯಲ್ಲಿ ಮರ್ಯಾದೆಯಿಂದ ಇರಬಹುದು.

ತಮ್ಮ ವಿಧೇಯ,
ಈಶ್ವರಯ್ಯ

*

ಹೊಳೆನರಸೀಪುರ
೧೧ ಜುಲೈ ೧೯೩೮

ಈಶ್ವರ,

ಆಶೀರ್ವಾದ ಹಿಂದಿನ ಪತ್ರದಲ್ಲೇ ಬೇಕಾದಷ್ಟು ಮಾಡಿದ್ದೇನೆ. ಅದೇ ಈ ಸಲಕ್ಕೂ ಸಾಕು.

ನಾನು ಹಳೇಕೋಟೆಗೆ ಹೋಗಿ ಬಂದೆ. ಚೆನ್ನಯ್ಯನ ಮನೆಯಲ್ಲಿ ನಿನಗೆ ಬಾಯಾರಿತ್ತಂತೆ. ನೀರು ತಂದುಕೊಟ್ಟವಳು ಯಾರು? ನೆನಪಿದೆಯೆ? ಚೊಂಬು ನಿನ್ನ ಕೈಗಿಟ್ಟು, ನಿನ್ನ ಹ್ಯಾಟು ನೋಡಿ ನಗು ತಡೆಯಲಾರದೆ ಒಳಕ್ಕೆ ಓಡಿದಳಲ್ಲ, ಅವಳು ಚೆನ್ನಯ್ಯನ ಮಗಳು ಶಾಂತಕುಮಾರಿ. ನೀನು ಅವಳು ಕೊಟ್ಟ ನೀರು ಕುಡಿದು, ಬಾಯಿ ಒರೆಸಿಕೊಂಡು, ‘ಈ ಮನೆಯಲ್ಲಿ ಹೆಣ್ಣುಮಕ್ಕಳಿಲ್ಲ’ ಎಂದು ಬರೆದುಕೊಂಡೆ.

ಯಾಕಯ್ಯ ಹಾಗೆ ಹೇಳಿದೆ ಎಂದು ಚೆನ್ನಯ್ಯನನ್ನು ಕೇಳಿದೆ. ನನ್ನನ್ನೇ ಪೆದ್ದನ ಹಾಗೆ ನೋಡಿದ. “ಅವ್ಳು ನಮ್ಮೋಳು ಎಂಗಾಯ್ತಾಳೆ ಸಾ? ದಂಡಿಗನಹಳ್ಳಿಯೋರ್ಗೆ ಈಳ್ಯ ಕೊಟ್ಟಾಗೈತೆ. ಕೊಟ್ಟ್‌ಮ್ಯಾಕೆ ನಮ್ದು ಅಂತ ಸರ್ಕಾರದೋರ್ ಮುಂದೆ ಬರ್ಸುದ್ರೆ ಬೀಗ್ರು ಏನಂದಾರು? ಮಾತ್ ಮುರ್ದಂಗಾಗಲ್ವಾ?”

ಇಷ್ಟೇ ವಿಷಯ. ಆ ಕಡೆ ತೊಟ್ಟಿಲಲ್ಲಿ ಅಲ್ಲದಿದ್ದರೂ ಲಂಗ ಕಟ್ಟಲು ಕಲಿಯುವ ಹೊತ್ತಿಗೆ ಹುಡುಗಿಗೆ ವೀಳ್ಯ ಆಗಿಬಿಡುತ್ತದೆ. ವೀಳ್ಯ ಆದವಳನ್ನು ತಂದೆಯ ಮನೆಯವರು ತಮ್ಮವಳೆಂದು ಪರರ ಮುಂದೆ ಹೇಳುವುದಿಲ್ಲ. ಹೇಳಿದರೆ ಕೊಟ್ಟ ಮಾತಿಗೆ ಕುಂದು. ಹಾಗಾದರೆ ಗಂಡಿನ ಮನೆಯವರು ಹೇಳಿರಬೇಕಲ್ಲ ಎನ್ನುತ್ತೀಯೆ. ಅವರನ್ನೂ ವಿಚಾರಿಸಿದೆ. ಶಾಂತಿಗ್ರಾಮದ ಶಿವಯ್ಯ ಹಳೇಕೋಟೆಯಿಂದ ಹೆಣ್ಣು ಗೊತ್ತುಮಾಡಿಕೊಂಡಿದ್ದಾನೆ. ನಿನ್ನ ಗುಮಾಸ್ತ ಅವನ ಮನೆಗೂ ಹೋಗಿದ್ದನಂತೆ. “ಮನೆ ತುಂಬ್ದೆ ಇರೋ ಸೊಸೇನ ಎಂಗೆ ಬರ್ಸೋದು? ಅಪಶಕುನ ಕಣ್ಲಾ ಅಂತ ನಮ್ಮವ್ವ ಬಯ್ತು” ಎಂದ. ಈ ಮನೆಯವರೂ ಬಿಟ್ಟರು, ಆ ಮನೆಯವರೂ ಬಿಟ್ಟರು. ನಡುವೆ ಹುಡುಗಿಯರು ಬಸವಲಿಂಗಮ್ಮನ ಸ್ಕೂಲಿನ ನೆಲ ತುಂಬಿಕೊಂಡು ಕೂತಿದ್ದಾರೆ. ಅವರು ಕಿರುಚಿ ಹೇಳುತ್ತಿದ್ದ ಮಗ್ಗಿಯನ್ನೂ ನೀನೇ ನಿಲ್ಲಿಸಿದೆ.

ಇದನ್ನು ಹಾಸನದ ಪೇಟೆಯಲ್ಲಿ ಬೆಳೆದ ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ಈಗ ನಾನು ಹೇಳಿದ್ದೇನೆ. ತಿದ್ದು.

ಬಸವಲಿಂಗಮ್ಮನಿಗೆ ಆ ಕೆಲಸ ಎಂದರೆ ಏನೆಂದು ನಿನಗೆ ಗೊತ್ತು. ಗಂಡ ಹೋದಮೇಲೆ ದಂಡಿಗನಹಳ್ಳಿಯ ಅತ್ತೆ ಪಾರ್ವತಮ್ಮ ಅವಳನ್ನು ಬೀಸುವ ಕಲ್ಲಿನ ಮುಂದೆ ಕೂರಿಸಿದವಳು ಏಳಿಸಲಿಲ್ಲ. ನಮ್ಮ ಮನೆಗೆ ಬಂದು, ಅಡುಗೆಯ ಒಲೆಯ ಬೆಳಕಿನಲ್ಲಿ ಓದಿ, ಪರೀಕ್ಷೆ ಕಟ್ಟಿ ಹುದ್ದೆಗೆ ಹೋದಳು. ಈಗ ನಿನ್ನ ಮನೆಯ ಒಲೆಗೆ ಕರೆಯುತ್ತೀಯೆ. ಮರ್ಯಾದೆ ಎಂಬ ಮಾತನ್ನು ಸೌದೆಯ ಹಾಗೆ ಉರಿಸಬೇಡ.

ಪಂಚಾಕ್ಷರಯ್ಯ

*

ಹಾಸನ
೨೦ ಆಗಸ್ಟ್ ೧೯೩೮

ಭಾವನವರಿಗೆ ನಮಸ್ಕಾರ.

ತಾವು ಹೇಳಿದ ಪದ್ಧತಿ ನಿಜವಿರಬಹುದು. ನಿಜವಾಗಿದ್ದರೆ ಹಳೇಕೋಟೆಯೊಂದರಲ್ಲೇ ಇರಲಾರದು. ಅರಕಲಗೂಡಿನ ಕಡೆಯೂ ಇರುತ್ತದೆ, ಚನ್ನರಾಯಪಟ್ಟಣದ ಕಡೆಯೂ ಇರುತ್ತದೆ. ಒಂದು ಊರನ್ನು ತಿದ್ದಿದರೆ ಎಲ್ಲ ಊರನ್ನೂ ತಿದ್ದಬೇಕು. ಎಲ್ಲ ಊರನ್ನೂ ತಿದ್ದುವುದೆಂದರೆ ವರದಿಯೇ ಇಲ್ಲವೆಂದು ಅರ್ಥ. ತಪ್ಪು ಒಂದೇ ಕಡೆ ಆಗಿದ್ದರೆ ಖಂಡಿತ ತಿದ್ದಬಹುದಾಗಿತ್ತು. ಎಲ್ಲ ಕಡೆಯೂ ಆಗಿರುವುದರಿಂದ ಸಾಧ್ಯವಿಲ್ಲ. ಇದು ತಮಗೆ ಅರ್ಥವಾಗಬೇಕು.

ವರದಿ ಟೈಪಾಗಿದೆ. ಗಾಂಧಿ ಜಯಂತಿಯ ಮರುದಿನ ಸಮಿತಿಯ ಅಧ್ಯಕ್ಷರು ನಮ್ಮ ಮನೆಗೆ ಊಟಕ್ಕೆ ಬರುತ್ತಾರೆ. ಊಟವಾದ ಮೇಲೆ ರುಜು ಹಾಕುತ್ತಾರೆ. ನನ್ನ ಮುಂದಿನ ಬಡ್ತಿ ಅವರ ಕೈಲಿದೆಯೆಂದು ತಮಗೆ ಬಿಡಿಸಿ ಹೇಳಬೇಕಿಲ್ಲ. ಅಕ್ಕ ಅಷ್ಟರೊಳಗೆ ಬಂದರೆ ಕಮಲಾಕ್ಷಿಗೆ ಅನುಕೂಲ. ಅಕ್ಕನಿಗೂ ಬರೆದಿದ್ದೇನೆ.

ಈಶ್ವರಯ್ಯ

*

ಹಳೇಕೋಟೆ
೧೯ ಸೆಪ್ಟೆಂಬರ್ ೧೯೩೮

ಚಿ. ಈಶ್ವರನಿಗೆ ಅಕ್ಕನ ಆಶೀರ್ವಾದ.

ಕಾಗದ ಬಂತು. ಬಾ ಎಂದಿದ್ದೀಯ, ಬರುತ್ತೇನೆ. ನಿಮ್ಮ ಅಧ್ಯಕ್ಷರು ಊಟಕ್ಕೆ ಬರುವ ದಿನವೇ ಬರುತ್ತೇನೆ. ಆವತ್ತು ಕೈ ಸಾಲದೆ ಕಮಲಾಕ್ಷಿ ಒದ್ದಾಡಬಾರದು.

ಅಕ್ಕಿ ಸ್ವಲ್ಪ ಜಾಸ್ತಿ ಹಾಕಿಸು.

ಬಸವಲಿಂಗಮ್ಮ

*

ಹಾಸನ
೬ ಅಕ್ಟೋಬರ್ ೧೯೩೮

ಭಾವನವರಿಗೆ,

ಈ ಪತ್ರದಲ್ಲಿ ನಮಸ್ಕಾರ ಹುಡುಕಬೇಡಿ. ತಮ್ಮ ನಾದಿನಿ ಮಾಡಿದ ಕೆಲಸದಲ್ಲಿ ತಮ್ಮ ಪಾಲೆಷ್ಟೆಂದು ಪ್ರಾಮಾಣಿಕವಾಗಿ ತಿಳಿಸಿ.

ಅಧ್ಯಕ್ಷರು ಕೈ ತೊಳೆದು ಮಣೆಯ ಮೇಲೆ ಕೂರುವ ಹೊತ್ತಿಗೆ ಬಾಗಿಲಲ್ಲಿ ಅಕ್ಕ. ಅವಳ ಹಿಂದೆ ಹಳೇಕೋಟೆಯ ಸ್ಕೂಲಿಗೆ ಸ್ಕೂಲೇ. ಎಣ್ಣೆ ಹಚ್ಚಿ ಜಡೆ ಬಿಗಿದ ಹುಡುಗಿಯರು ಒಬ್ಬರ ಲಂಗ ಒಬ್ಬರು ಹಿಡಿದುಕೊಂಡು ರೈಲಿನಿಂದಿಳಿದು ನೆಟ್ಟಗೆ ನಮ್ಮ ಮನೆಗೆ ಬಂದಿದ್ದಾರೆ. ಯಾರಮ್ಮ ಇವರೆಲ್ಲ ಎಂದೆ. ಅಕ್ಕ ತಣ್ಣಗೆ, “ನಿನ್ನ ವರದಿಯಲ್ಲಿ ಇಲ್ಲದ ಮಕ್ಕಳು ಕಣಪ್ಪ. ಹಸಿದಿವೆ, ಎಲೆ ಹಾಕಿಸು” ಎಂದಳು.

ಅಧ್ಯಕ್ಷರಿಗೆ ಕುತೂಹಲ ಹುಟ್ಟಿತು. ಹುಟ್ಟದಿರಲು ಅವರೇನು ಕಲ್ಲೆ? ಊಟವಾದ ಮೇಲೆ ಮಕ್ಕಳನ್ನು ಸಾಲಾಗಿ ಕೂರಿಸಿ ಓದಿಸಿದರು. ಓದಿದರು. ಲೆಕ್ಕ ಕೊಟ್ಟರು. ಮಾಡಿದರು. ಶಾಂತಕುಮಾರಿ ಎಂಬ ಹುಡುಗಿಯಂತೂ ಅಧ್ಯಕ್ಷರ ಲೆಕ್ಕದಲ್ಲೇ ತಪ್ಪು ಹಿಡಿದಳು. ನನ್ನ ಬಡ್ತಿ ಎಲೆಯ ಜತೆ ತಿಪ್ಪೆಗೆ ಬಿತ್ತೆಂದುಕೊಂಡೆ. ಅಕ್ಕ ಕಂಬಕ್ಕೊರಗಿ ನಿಂತು ನನ್ನನ್ನೇ ನೋಡುತ್ತಿದ್ದಳು. ಆ ನೋಟ ಶತ್ರುವಿಗೂ ಬೇಡ.

ಆಮೇಲೆ ನಡೆದದ್ದು ದೈವದ ಕೃಪೆ. ಅಧ್ಯಕ್ಷರು ಎಲ್ಲರನ್ನೂ ಪ್ರೀತಿಯಿಂದ, “ನೀನು ಯಾವೂರೋಳಮ್ಮ?” ಎಂದು ಕೇಳುತ್ತ ಬಂದರು.

“ಶಾಂತಿಗ್ರಾಮ್ದೋಳು ಸಾ.”

“ನೀನು?”

“ದಂಡಿಗನಳ್ಳಿ.”

“ನೀನು?”

“ನಾನೂ ದಂಡಿಗನಳ್ಳಿಯೋಳೇ.”

ಹೀಗೇ ಕೊನೆಯವರೆಗೆ. ಅವರವರ ಗಂಡಿನ ಊರು ಅವರವರು ಹೇಳಿದರು. ತಾವೇ ವಿವರಿಸಿದ್ದ ಪದ್ಧತಿ, ಅಲ್ಲವೆ? ಅಕ್ಕ ಮುಂದೆ ಬಂದು, “ಅಲ್ಲ, ಇವರು ಹಳೇಕೋಟೆಯವರು” ಎಂದಳು. ಅಧ್ಯಕ್ಷರು ನಕ್ಕು, “ಮಕ್ಕಳು ಸುಳ್ಳು ಹೇಳೋಲ್ಲ ತಾಯಿ” ಎಂದುಬಿಟ್ಟರು. ಶಾಂತಕುಮಾರಿಯನ್ನು ಅಕ್ಕ, “ಹೇಳೇ, ಹಳೇಕೋಟೆ ಅಂತ ಹೇಳೇ” ಎಂದು ಅಲುಗಿಸಿದಳು. ಆ ಹುಡುಗಿ ನಾಚಿ ತಲೆ ತಗ್ಗಿಸಿ, “ಅಂಗನ್ನಬಾರ್ದಂತೆ, ಅವ್ವ ಏಳೈತೆ” ಎಂದಳು.

ವರದಿಗೆ ರುಜು ಬಿತ್ತು. ಇಷ್ಟು ಚೂಟಿಯಾದ ಮಕ್ಕಳು ಅಷ್ಟು ದೂರ ಹೋಗಿ ಕಲಿಯುವುದು ಅನ್ಯಾಯ, ದಂಡಿಗನಹಳ್ಳಿಯಲ್ಲೇ ಸ್ಕೂಲು ತೆರೆಯಬೇಕು ಎಂದು ಅಧ್ಯಕ್ಷರು ಕೈಯಾರೆ ಸೇರಿಸಿದರು. ನನ್ನ ಸಮೀಕ್ಷೆ ಎಷ್ಟು ನಿಖರವೆಂದು ಬೆನ್ನು ತಟ್ಟಿದರು. ಅಕ್ಕ ಒಂದು ಗುಟುಕು ನೀರನ್ನೂ ಮುಟ್ಟದೆ ಮಕ್ಕಳನ್ನು ಕರೆದುಕೊಂಡು ಹೋದಳು. ಪಾತ್ರೆಗಳು ಹಾಗೇ ಉಳಿದವು.

ಈಶ್ವರಯ್ಯ

*

ಹೊಳೆನರಸೀಪುರ
೨೨ ನವೆಂಬರ್ ೧೯೩೮

ಸೌ. ಎನ್ನಬೇಕೋ ಚಿ. ಎನ್ನಬೇಕೋ ಎಂದು ಪ್ರತಿ ಸಲವೂ ತಡವರಿಸುವ ನಿನ್ನ ಭಾವ, ಬಸವಲಿಂಗಮ್ಮನಿಗೆ ಬರೆಯುವುದು.

ಹಳೇಕೋಟೆಯ ಸ್ಕೂಲಿನ ಬಾಗಿಲು ಹಾಕಿದರೆಂದು ಕೇಳಿದೆ. ನೀನು ಬೀಗದ ಕೈಯನ್ನು ಪಟೇಲನ ಜಗಲಿಯ ಮೇಲೆ ಇಟ್ಟು ಹೋದೆಯಂತೆ.

ನಾನು ಸುಮ್ಮನೆ ಕೂತಿರಲಿಲ್ಲ. ಅಧ್ಯಕ್ಷರಿಗೆ ಅಹವಾಲು ಬರೆದೆ, ಅದೂ ಪದ್ಯದಲ್ಲಿ. ಪ್ರಾಸ ಒಂದೂ ತಪ್ಪಿರಲಿಲ್ಲ.

ಮೇಜಿನ ಮೇಲೆ ದೇಶವನಿಟ್ಟು
ಗಾಜಿನ ಕಣ್ಣಲಿ ನೋಡುವ ಜಾಣ

ಎಂದು ಶುರು. ಹದಿನಾಲ್ಕು ದಿನ ತಿದ್ದಿ ತೀಡಿ ಕಳಿಸಿದ್ದಕ್ಕೆ, ‘ಕವಿತ್ವ ಸೊಗಸಾಗಿದೆ, ಕೋರಿಕೆ ಏನೆಂದು ತಿಳಿಯಲಿಲ್ಲ’ ಎಂದು ಕಾರ್ಡು ಬಂತು. ಆ ಕಾರ್ಡನ್ನು ಗಂಗಾಂಬಿಕೆ ಒಲೆಗೆ ಹಾಕಿದಳು. ಪದ್ಯದ ಪ್ರತಿಯನ್ನೂ ಹಾಕುತ್ತಿದ್ದಳು, ಕಿತ್ತುಕೊಂಡೆ.

ಈಗ ದಂಡಿಗನಹಳ್ಳಿಗೆ ನಿನ್ನನ್ನೇ ನೇಮಿಸಿದ್ದಾರೆ. ಇದಕ್ಕಿಂತ ದೊಡ್ಡ ಅಪಹಾಸ್ಯ ಸರ್ಕಾರದ ಕೈಲೂ ಆಗದು. ಹುಡುಗಿಯರು ಹಳೇಕೋಟೆಯಲ್ಲಿ, ಸ್ಕೂಲು ದಂಡಿಗನಹಳ್ಳಿಯಲ್ಲಿ. ಆ ಊರಿನಲ್ಲಿ ಯಾರಿದ್ದಾರೆಂದು ನೆನಪಿಸಬೇಕೆ? ನಿನ್ನ ಅತ್ತೆ ಪಾರ್ವತಮ್ಮ ಆ ಬೀಸುವ ಕಲ್ಲನ್ನು ನಿನಗಾಗಿಯೇ ಕಾಪಾಡಿಕೊಂಡಿರುತ್ತಾಳೆ. ಊರಿನ ಸೊಸೆ ಊರಿಗೆ ಬಂದಮೇಲೆ ಬೇರೆ ಮನೆ ಮಾಡಿದರೆ ಜನ ಬಿಡುವುದಿಲ್ಲ. ಬೆಳಗ್ಗೆ ಹಿಟ್ಟು, ಮಧ್ಯಾಹ್ನ ಪಾಠ, ಸಂಜೆ ಸಗಣಿ. ಒಪ್ಪಬೇಡ. ನಮ್ಮ ಮನೆಗೆ ಬಾ.

ನಿನ್ನ ಭಾವ,
ಪಂಚಾಕ್ಷರಯ್ಯ

*

ದಂಡಿಗನಹಳ್ಳಿ
೪ ಮಾರ್ಚ್ ೧೯೩೯

ಪೂಜ್ಯ ಭಾವನವರಿಗೆ ನಮಸ್ಕಾರಗಳು.

ಉತ್ತರ ತಡವಾಯಿತು. ನೀವು ಬರಬೇಡ ಎಂದ ಊರಿಗೆ ಬಂದು ಕೂತಮೇಲೆ ಬರೆಯುವುದು ಸುಲಭ ಎಂದು ಕಾದೆ.

ನಿಮ್ಮ ಮನೆಗೆ ಕರೆದಿರಿ, ಅದು ದೊಡ್ಡದು. ಆದರೆ ನಿಮ್ಮ ಮನೆಗೆ ಬಂದಿದ್ದರೂ ನಾನು ಯಾವ ಮನೆಯವಳು ಎಂದು ಯಾರೂ ಬರೆಯುತ್ತಿರಲಿಲ್ಲ. ಈಶ್ವರನ ವರದಿಯ ಒಂದು ಪ್ರತಿ ನನಗೂ ಬಂತು. ಓದಿದೆ. ಇಡೀ ಜಿಲ್ಲೆಯ ಸಂಸಾರಗಳ ವಿಚಾರ ಇದೆ. ಹೆಂಗಸರು ಸಂಕೋಚದ ಸ್ವಭಾವದವರೆಂದೂ, ಪ್ರಶ್ನೆ ಕೇಳಿದರೆ ಒಳಗೆ ಹೋಗುತ್ತಾರೆಂದೂ ಬರೆದಿದ್ದಾನೆ. ಚೆನ್ನಯ್ಯನ ಮಗಳು ಒಳಗೆ ಹೋದದ್ದು ನಗುವುದಕ್ಕೆ. ನಿಮ್ಮ ಪದ್ಯವನ್ನೂ ಓದಿದೆ ಭಾವ. ಪ್ರಾಸ ಚೆನ್ನಾಗಿತ್ತು. ಸ್ಕೂಲು ಮುಚ್ಚಿತು.

ಹಾಸನದಲ್ಲಿ ಆ ಮಕ್ಕಳು ಊರಿನ ಹೆಸರು ಹೇಳಿದ ಮೇಲೆ ವಾಪಸು ಬರುವ ರೈಲಿನಲ್ಲಿ ನಾನು ಯಾರ ಮೇಲೂ ಸಿಟ್ಟಾಗಲಿಲ್ಲ. ಅಕ್ಷರ, ಮಗ್ಗಿ, ಹೇಳಿದ ಕಡೆ ಕೂರುವುದು, ಎಲ್ಲ ಕಲಿಸಿದ್ದೆ. ನೀನು ಯಾರು ಎಂದರೆ ಏನು ಹೇಳಬೇಕೆಂದು ಕಲಿಸುವುದು ನನಗೂ ತೋಚಿರಲಿಲ್ಲ. ನನ್ನನ್ನು ಕೇಳಿದ್ದರೂ ನಾನು ದಂಡಿಗನಹಳ್ಳಿ ಎಂದೇ ಹೇಳುತ್ತಿದ್ದೆನೋ ಏನೋ. ಶಾಂತಕುಮಾರಿ ದಾರಿಯುದ್ದಕ್ಕೂ, “ನಾನ್ ತಪ್ಪೇಳ್ದೆನಾ ಮೇಷ್ಟ್ರಮ್ಮ?” ಎಂದು ಕೇಳುತ್ತಿದ್ದಳು. ಇಲ್ಲ ಎಂದೆ. ಇನ್ನೇನು ಹೇಳಲಿ?

ಈ ಊರಿಗೆ ಬಂದ ದಿನ ಅತ್ತೆ ಹೊಸ್ತಿಲಲ್ಲೇ ನಿಂತು, “ಬಂದ್ಯಾ? ಟ್ರಂಕು ಒಳೀಕಿಟ್ಟು ರಾಗಿ ಅಸನ್ ಮಾಡು” ಎಂದಳು. ಹತ್ತು ವರ್ಷದ ಮೇಲೆ ಸೊಸೆ ಬಂದರೆ ಆಡುವ ಮೊದಲ ಮಾತು. ನಾನು ಟ್ರಂಕನ್ನು ಒಳಗಿಡಲಿಲ್ಲ. ಸ್ಕೂಲಿಗೆ ಕೊಟ್ಟಿರುವ ಹಳೆಯ ಚಾವಡಿಯಲ್ಲಿ ಹಿಂದೊಂದು ಕೋಣೆ ಇದೆ. ಅಲ್ಲಿಗೆ ಹೊತ್ತುಕೊಂಡು ಹೋದೆ. ನೀವು ಹೇಳಿದ ಹಾಗೇ ಊರು ಬಿಡಲಿಲ್ಲ. ನೀರಿಗೆ ಹೋದರೆ ಮಾತು, ಅಂಗಡಿಗೆ ಹೋದರೆ ಮಾತು. ಮಕ್ಕಳನ್ನು ಒಂದು ಮನೆಯವರೂ ಕಳಿಸಲಿಲ್ಲ. ಅತ್ತೆಯ ಮಾತು ಮೀರಿದವಳ ಹತ್ತಿರ ಹುಡುಗಿಯರು ಏನು ಕಲಿತಾವು ಎಂದರಂತೆ. ಖಾಲಿ ಚಾವಡಿಯಲ್ಲಿ ಕೂತು ಸಂಬಳ ತಿಂದೆ. ಇನ್ಸ್‌ಪೆಕ್ಟರು ಬಂದು ನೋಡಿದರೆ ಇದೂ ಮುಚ್ಚುತ್ತದೆ, ಆಮೇಲೆ ಬೀಸುವ ಕಲ್ಲೇ ಗತಿ ಎಂದು ಅತ್ತೆಗೂ ಗೊತ್ತು, ನನಗೂ ಗೊತ್ತು. ಅವಳು ಅವಸರ ಮಾಡಲಿಲ್ಲ.

ಶಾಂತಕುಮಾರಿಯನ್ನು ಈ ಊರಿಗೆ ಗೊತ್ತುಮಾಡಿದ್ದಾರಲ್ಲ, ಅವಳ ಅತ್ತೆಯಾಗುವವಳ ಹೆಸರು ಬೆಟ್ಟಮ್ಮ. ಗಂಡನಿಲ್ಲ. ಮಗ ಬೆಂಗಳೂರಿನ ಮಿಲ್ಲಿನಲ್ಲಿದ್ದಾನೆ. ಅವಳ ಬಾಯಿಗೆ ಊರೇ ಹೆದರುತ್ತದೆ, ನನ್ನ ಅತ್ತೆಯೂ. ಹುಡುಗಿ ಇಲ್ಲಿಗೆ ಬಂದಮೇಲಾದರೂ ಪುಸ್ತಕ ಮುಟ್ಟಲು ಬಿಡಲಿ ಎಂದು ಕೇಳಲು ಅವಳ ಮನೆಗೆ ಹೋದೆ.

“ಸೊಸೆ ಓದುದ್ರೆ ನಂಗೇನ್ ಬಂದಾತು?” ಎಂದಳು.

“ನಿನ್ನ ಮಗ ಕಾಗದ ಬರೆದರೆ ಯಾರ ಹತ್ತಿರ ಓದಿಸ್ತೀಯ?”

“ಶಾನುಬೋಗ್ರತ್ರ.”

“ಶಾನುಭೋಗರು ಓದಿದ್ದು ಆಮೇಲೆ ಯಾರಿಗೆ ಗೊತ್ತಾಗುತ್ತೆ?”

ಬೆಟ್ಟಮ್ಮ ಹೊಗೆಸೊಪ್ಪು ಉಗುಳಿ ಯೋಚಿಸಿದಳು. “ಊರ್ಗೆಲ್ಲ ಗೊತ್ತಾಯ್ತದೆ. ಮಗ ಅಲ್ಲಿ ಯಾವಳ್ದೋ ಸಾವಾಸ ಬಿದ್ದವ್ನೆ ಅಂತ ಬರ್ದಿದ್ರೆ ನಂಗಿಂತ ಮುಂಚೆ ಬಾವಿಕಟ್ಟೆಗೆ ಗೊತ್ತಾಯ್ತದೆ.” ಬಾಯಿ ಒರೆಸಿಕೊಂಡು, “ಆ ಉಡ್ಗಿ ದೊಡ್ಡೋಳಾಗಿ ಬರಗಂಟ ಯಾರ್ ಕಾಯ್ತಾರೆ? ನಂಗೇ ಕಲ್ಸು” ಎಂದಳು.

ಮರುದಿನ ಬಂದು ಚಾವಡಿಯ ನಡುಮಧ್ಯ ಕೂತಳು. ಬರುವಾಗ ತನ್ನ ಮಗಳ ಇಬ್ಬರು ಹೆಣ್ಣುಮಕ್ಕಳನ್ನೂ ಪಕ್ಕದ ಮನೆಯ ಹುಡುಗಿಯರನ್ನೂ ಕಿವಿ ಹಿಡಿದು ಎಳೆದುಕೊಂಡು ಬಂದಿದ್ದಳು. ಒಬ್ಬಳೇ ಕೂತು ಕಲಿಯಲು ನಾಚಿಕೆಯಂತೆ. ಬೆಟ್ಟಮ್ಮ ಕೂತಮೇಲೆ ಉಳಿದವರಿಗೆ ಧೈರ್ಯ ಬಂತೋ ಹೆದರಿಕೆಯಾಯಿತೋ, ಈಗ ನೆಲ ಕಾಣದಷ್ಟು ಮಕ್ಕಳು. ಬೆಟ್ಟಮ್ಮ ಇನ್ನೂ ‘ಅ’ ದಾಟಿಲ್ಲ. ಬರದಿದ್ದರೆ ಸ್ಲೇಟನ್ನು ಬೈಯುತ್ತಾಳೆ.

ಈಶ್ವರನಿಗೆ ಗಂಡುಮಗುವಾಯಿತಂತೆ. ಬಾಣಂತನಕ್ಕೆ ಬಾ ಎಂದು ಬರೆದಿದ್ದ. ಮಗುವಿಗೆ ಒಂದು ಕುಲಾವಿ ಹೊಲಿದು ಕಳಿಸಿದೆ.

ನಿನ್ನೆ ಪಾಠ ನಡೆಯುವಾಗ ಅತ್ತೆ ಚಾವಡಿಯ ಬಾಗಿಲಿಗೇ ಬಂದಳು. ಊರೆಲ್ಲ ಕೇಳಲೆಂದು ದೊಡ್ಡ ಗಂಟಲಿನಲ್ಲಿ, “ಮನೇಲಿ ರಾಗಿ ಅಂಗೇ ಬಿದ್ದೈತೆ, ಬೀಸಾಕ್ ಬಾರೇ” ಎಂದಳು. ಮಕ್ಕಳೆಲ್ಲ ನನ್ನ ಮುಖ ನೋಡಿದರು. ನನ್ನ ಕಾಲು ತಾನಾಗಿ ಏಳಲು ಹೊರಟಿತು ಭಾವ, ಹಳೆಯ ಅಭ್ಯಾಸ. ಅಷ್ಟರಲ್ಲಿ ಬೆಟ್ಟಮ್ಮ ಸ್ಲೇಟಿನಿಂದ ತಲೆಯೆತ್ತದೆಯೇ, “ಓಗಮ್ಮೋ ಪಾರ್ವತಿ, ನೀನೇ ಬೀಸ್ಕೊ. ನಮ್ಗೆ ಪಾಠ ಐತೆ” ಎಂದಳು.

ಇಂತು ನಿಮ್ಮ ನಾದಿನಿ,
ಬಸವಲಿಂಗಮ್ಮ